ಗಾಡ್ಯಾಗ ಯಾರದಾರ?

ಮೈಕನ್ನು ಎಲ್ಲಿ ಕೂರಿಸಬೇಕು ಎಂಬುದರ ಮೇಲೆ ಅಜೀಮನ ಕಾರ್ ಸ್ಪೀಕರ್ ಅಂಗಡಿಯ ಮುಂದೆ ವಾದ ಶುರುವಾಯಿತು.

ಕಾರು ಹಸನಸಾಬನದು. ಡೀಸೆಲ್ ಅಂಬಾಸಡರ್, ಬಿಳಿಯದು; ಬಳ್ಳಾರಿಯ ಎಲ್ಲ ಬಿಳಿ ವಸ್ತುಗಳ ಹಾಗೆ ಈಚೀಚೆಗೆ ಅದಿರಿನ ಧೂಳಿಗೆ ಕೆಂಪಗಾಗಿತ್ತು. ಫೋನು ಅವನ ಮಗ ಮಹಮ್ಮದ್ ಗೌಸನದು. ಎಂಜಿನ್ನಿನ ಸದ್ದಿನಲ್ಲಿ ಆ ಫೋನು ಕಿವಿಗೆ ಒತ್ತಿ ಹಿಡಿದರೂ ಏನೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಬ್ಲೂಟೂತ್ ಡಬ್ಬಿ ತಂದಿದ್ದ. ಫೋನು ಜೇಬಿನಲ್ಲೇ ಇರುತ್ತದೆ, ದನಿ ಕಾರಿನ ಸ್ಪೀಕರಿನಲ್ಲಿ ಬರುತ್ತದೆ.

"ಸ್ಪೀಕರ್ ಎಲ್ಲಿ ಬೇಕಾದ್ರೂ ಹಾಕ್ತೀನಿ," ಎಂದ ಅಜೀಮ್. "ಮೈಕ್ ಮಾತ್ರ ಸ್ಟೇರಿಂಗ್ ಹತ್ರಾನ. ವೈರ್ ಅಷ್ಟ ಐತಿ."

"ನಾ ಹಿಂದ ಕುಂದ್ರಾಂವಪ್ಪ. ಹಿಂದ ಹಾಕು," ಎಂದ ಗೌಸ್.

"ವೈರ್ ಉದ್ದ ಮಾಡಿದ್ರ ಬುರ್ ಅಂತೈತಿ, ಅಣ್ಣ. ಇದು ಮಾಲಕ ತಾನ ಗಾಡಿ ಓಡಿಸೋ ದೇಶದಾಗ ಮಾಡಿದ್ದು. ಮಾತಾಡಾಂವ, ಓಡಿಸಾಂವ ಇಬ್ರೂ ಒಬ್ಬನ ಅಂತ ತಿಳಕೊಂಡಾರ."

"ಹಂಗಾರ ನೀ ಮುಂದ ಬಂದು ಕುಂದ್ರು," ಎಂದು ಬಾನೆಟ್ಟಿಗೆ ಒರಗಿದ್ದ ಹಸನಸಾಬ್ ಹೇಳಬಹುದಿತ್ತು. ಹೇಳಲಿಲ್ಲ. ಮಗನನ್ನು ಹಿಂದಿನ ಸೀಟಿನಲ್ಲಿ ನೋಡಬೇಕೆಂಬುದು ಅವನದೇ ಆಸೆ. ಮೂರು ಮಾಲಕರ ಕೈಕೆಳಗೆ ಡ್ರೈವರ್ ಆಗಿದ್ದವನು, ಕೊನೆಯ ಮಾಲಕ ಹೊಸ ಕಾರು ತೆಗೆದುಕೊಂಡಾಗ ಈ ಅಂಬಾಸಡರನ್ನು ಕೊಂಡುಕೊಂಡಿದ್ದ. ಗೌಸ್ ಚಿಕ್ಕವನಿದ್ದಾಗ ಸ್ಟೇರಿಂಗ್ ಮುಟ್ಟಿದರೆ ಕೈಮೇಲೆ ಹೊಡೆಯುತ್ತಿದ್ದ. "ನನ್ನ ಮಗ ಇದನ್ನ ಹಿಡೀಬಾರದು" ಎನ್ನುತ್ತಿದ್ದ. ಹೀಗಾಗಿ ಗೌಸನಿಗೆ ಇವತ್ತಿಗೂ ಕಾರು ಓಡಿಸಲು ಬರುವುದಿಲ್ಲ. ಮುಂದಿನ ಎಡಬಾಗಿಲಂತೂ ಹೊರಗಿನಿಂದ ತೆಗೆಯಲು ಬರುತ್ತಲೇ ಇರಲಿಲ್ಲ. ಒಳಗಿನಿಂದ ಹಸನಸಾಬ್ ಕೈಚಾಚಿ ಗುಂಡಿ ಎತ್ತಬೇಕು.

"ಮುಂದ ಹಾಕಲೇ, ಅಜೀಮ್," ಎಂದ ಹಸನಸಾಬ್. "ನಮ್ಮ ಸಾಹೇಬ್ರು ಬಗ್ಗಿ ಮಾತಾಡ್ತಾರ."

ಮೂವರೂ ನಕ್ಕರು.

*

ಗೌಸನ ಕೆಲಸ ಲಾರಿ ಒದಗಿಸುವುದು. ಸಿರುಗುಪ್ಪ, ಕುರುಗೋಡಿನಲ್ಲಿ ಭತ್ತ ಹೊರುತ್ತಿದ್ದ ಲಾರಿಗಳ ಮಾಲಕರನ್ನು ಮಾತಾಡಿಸಿ, ಒಪ್ಪಿಸಿ, ಅದಿರು ಹೊರಲು ಹಚ್ಚುವುದು. ಇಷ್ಟು ದಿನ ಎಲ್ಲ ಬಾಯಿಮಾತಿನ ಮೇಲೆ ನಡೆದಿತ್ತು. ಈಗ ಅದಿರು ಸಾಗಣೆ ಕಂಪನಿಯ ಮ್ಯಾನೇಜರು ನರಸಿಂಹ ಅವರು ವರ್ಷದ ಕಾಂಟ್ರ್ಯಾಕ್ಟ್ ಬರೆದುಕೊಡುವ ಮಾತಾಡಿದ್ದರು. ಅದಾದರೆ ಗೌಸ್ ದಲ್ಲಾಳಿ ಅಲ್ಲ, ಕಾಂಟ್ರ್ಯಾಕ್ಟರ್.

ಕುರುಗೋಡಿನ ದಾರಿಯಲ್ಲಿ ಮೊದಲ ಫೋನು ಬಂತು. ಹಸನಸಾಬ್, ಅಜೀಮ್ ತೋರಿಸಿಕೊಟ್ಟಿದ್ದ ಗುಂಡಿ ಒತ್ತಿದ. ಕಾರಿನ ತುಂಬ ನರಸಿಂಹ ಅವರ ದನಿ.

"ಏನ್ರೀ ಗೌಸ್, ಗಾಡಿಯಲ್ಲಿ ಯಾರಿದಾರೆ?"

ಆ ವರ್ಷಗಳಲ್ಲಿ ಅದಿರಿನ ಮಂದಿ ನಮಸ್ಕಾರಕ್ಕಿಂತ ಮೊದಲು ಕೇಳುತ್ತಿದ್ದ ಪ್ರಶ್ನೆ ಅದು. ಎಲ್ಲರ ಕಾರಿನಲ್ಲೂ ಸ್ಪೀಕರುಗಳು ಬಂದಿದ್ದವು; ಓವರ್‌ಲೋಡಿನ ಮಾತು, ಪರ್ಮಿಟ್ಟಿನ ಮಾತು ಯಾರ ಕಿವಿಗೆ ಬೀಳುತ್ತದೋ ಗೊತ್ತಾಗುತ್ತಿರಲಿಲ್ಲ.

ಗೌಸ್ ಹಿಂದಿನಿಂದ, "ನಮಸ್ಕಾರ ಸಾರ್, ಹೇಳ್ರಿ," ಎಂದ.

"ಹಲೋ? ಯಾರೂ ಮಾತಾಡ್ತಿಲ್ವಲ್ಲ. ಹಲೋ!"

ಹಸನಸಾಬನಿಗೆ ತಮಾಷೆ ಅನ್ನಿಸಿತು. ಮೈಕಿನ ಹತ್ತಿರ ಬಾಯಿ ತಂದು, "ಸಾಹೇಬ್ರು ಹಿಂದ ಕುಂತಾರ್ರಿ. ಮುಂದ ಬಗ್ಗಾಕತ್ತಾರ, ಒಂದ್ ನಿಮಿಷ ತಡೀರಿ," ಎಂದ.

"ಯಾರಪ್ಪ ನೀನು, ಡ್ರೈವರಾ?"

"ಹೂಂರಿ."

ಅಷ್ಟರಲ್ಲಿ ಗೌಸ್ ಎರಡು ಸೀಟುಗಳ ನಡುವೆ ತಲೆ ತೂರಿಸಿ, ಅಪ್ಪನ ಭುಜಕ್ಕೆ ಗದ್ದ ತಾಗಿಸಿಕೊಂಡು ಮಾತಾಡಿದ. ಲಾರಿಗಳ ಲೆಕ್ಕ ಹೇಳಿದ. ಡ್ರೈವರ್ ಯಾರೆಂಬ ಮಾತು ತೆಗೆಯಲಿಲ್ಲ. ಅದೇನು ತೆಗೆಯುವಂಥ ಮಾತು ಅನ್ನಿಸಿರಲೂ ಇಲ್ಲ.

ಆ ಮಧ್ಯಾಹ್ನ ಸಿರುಗುಪ್ಪದಲ್ಲಿ ಮಗಳು ಮುನ್ನಿಯ ಮನೆಯಲ್ಲಿ ಊಟ. ಹಸನಸಾಬ್ ಅನ್ನಕ್ಕೆ ಬೇಳೆಕಟ್ಟು ಸುರಿದುಕೊಳ್ಳುತ್ತ ಇದನ್ನು ಕತೆ ಮಾಡಿ ಹೇಳಿದ. ಅಳಿಯ ನಕ್ಕ. ಗೌಸ್ ನಕ್ಕ. ಮುನ್ನಿ ಸೌಟು ಹಿಡಿದು ನಿಂತಿದ್ದಳು.

"ಆಮ್ಯಾಲ ಹೇಳಿದಿ ಇಲ್ಲ, ಅಣ್ಣ?"

"ಏನು?"

"ಗಾಡಿ ಓಡಿಸಾಂವ ನಮ್ಮ ಅಬ್ಬಾ ಅಂತ."

"ಏ, ಅದನ್ನೇನ್ ಹೇಳೂದು. ಕೆಲಸದ ಮಾತು ನಡದಿತ್ತು."

"ನಾನ ಅಂದಿದ್ದವ್ವಾ, ತಮಾಷಿಗಿ," ಎಂದ ಹಸನಸಾಬ್. "ಇನ್ನೊಂದೀಟು ಅನ್ನ ಹಾಕು."

*

ಮುಂದಿನ ವಾರ ಮೋಕದ ಹತ್ತಿರ, ಅದಿರು ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಿದ್ದಾಗ, ಮತ್ತೆ ನರಸಿಂಹ ಅವರ ಫೋನು ಬಂತು. ಗೌಸ್ ಮೊದಲೇ ಬಗ್ಗಿ ಕೂತಿದ್ದ.

"ಗಾಡಿಯಲ್ಲಿ ಯಾರಿದಾರೆ?"

"ಯಾರಿಲ್ರಿ ಸಾರ್. ಡ್ರೈವರ್ ಅದಾನ, ಅಷ್ಟ."

"ಹಾಗಾದರೆ ಸರಿ," ಎಂದು ಅವರು ಓವರ್‌ಲೋಡಿನ ಮಾತಿಗೆ ಇಳಿದರು. ಡ್ರೈವರ್ ಇದ್ದರೆ ಯಾರೂ ಇಲ್ಲ ಎಂದೇ ಲೆಕ್ಕ.

ಫೋನು ಮುಗಿಯಿತು. ಗೌಸ್ ಹಿಂದಕ್ಕೆ ಸರಿದು ಕಿಟಕಿಯ ಕಡೆ ನೋಡುತ್ತ ಕೂತ. ಮುಂದಿನ ಲಾರಿಯ ತಾಡಪಾಲು ಹರಿದಿತ್ತು. ಕೆಂಪು ಪುಡಿ ಗಾಜಿನ ಮೇಲೆ ಉದುರುತ್ತಿತ್ತು. ಹಸನಸಾಬ್ ವೈಪರ್ ಹಾಕಿದ.

"ಕಿಟಕಿ ಏರಿಸ್ಕೋ. ಧೂಳು ಬರ್ತೈತಿ," ಎಂದ. ಅಷ್ಟೇ ಎಂದ.

ಕೌಲ್ ಬಜಾರಿನ ಮನೆಯಲ್ಲಿ ಆ ಸಂಜೆ ಹಸನಸಾಬ್ ಒಂದೇ ರೊಟ್ಟಿ ತಿಂದು ಎದ್ದ. ಹೆಂಡತಿ ಸರ್ವರಬಿ ಬುಟ್ಟಿ ಮುಂದಕ್ಕೆ ತಳ್ಳಿದಳು.

"ಯಾಕ, ಹಲ್ಲು ನೋಯ್ತೈತೇನು?"

"ಹಸಿವಿಲ್ಲ."

"ಬದನಿಕಾಯಿ ಮಾಡೀನಿ. ಹಸಿವಿಲ್ಲಂತ." ಅವಳು ಮಗನ ಕಡೆ ತಿರುಗಿದಳು. "ಏನಾತಲೇ ದಾರ್ಯಾಗ?"

"ಏನಿಲ್ಲಮ್ಮ."

ಸೊಸೆ ಫರ್ಹತ್ ಗಂಡನ ಮುಖ ನೋಡಿದಳು. ಕೋಣೆಗೆ ಹೋದ ಮೇಲೆ ಕೇಳಿದಳು, ಅವನು ಹೇಳಿದ.

"ಬಾಯಿ ತಪ್ಪಿ ಬಂತು."

"ತಪ್ಪಿ ಬಂದದ್ದನ್ನ ತಿದ್ದಾಕ ಏನಾಗೇತಿ? ನಾಳೆ ಫೋನ್ ಮಾಡಿ ಹೇಳ್ರಿ. ಓಡಿಸಾವ್ರು ನಮ್ಮ ಅಬ್ಬಾ ಅದಾರ ಸಾರ್ ಅಂತ."

"ಹೆಂಗ ಹೇಳ್ಲಿ? ನಿಮ್ಮ ತಂದೆ ಏನ್ ಮಾಡ್ತಾರ ಅಂತ ಮೊದ್ಲ ಕೇಳಿದ್ರು. ಗಾಡಿ ಬಿಸಿನೆಸ್ ಅಂದಿದ್ದೆ. ಈಗ ಇದು ಹೇಳಿದ್ರ ಇನ್ನೇನೇನು ಸುಳ್ಳು ಹೇಳ್ಯಾನೋ ಅಂತಾರ. ಕಾಂಟ್ರ್ಯಾಕ್ಟ್ ಸಹಿ ಆಗ್ಲಿ. ಸಹಿ ಆದ ದಿನಾನ ಹೇಳ್ತೀನಿ."

"ಮಾವಾರಿಗೆ ಹೇಳೀರೇನು, ಸಹಿ ಆದ ದಿನ ನೀವು ನನ್ನ ಅಪ್ಪ ಆಗ್ತೀರಿ ಅಂತ?"

"ಫರ್ಹತ್!"

"ದನಿ ಸಣ್ಣ ಮಾಡ್ರಿ. ಗ್ವಾಡಿ ತೆಳ್ಳಗದಾವು."

ಗೋಡೆಯಾಚೆ ಹಸನಸಾಬ್ ಒಮ್ಮೆ ಕೆಮ್ಮಿದ.

ಮರುದಿನದಿಂದ ಹಸನಸಾಬ್ ಕಾರಿನಲ್ಲಿ ಕಡಿಮೆ ಮಾತಾಡತೊಡಗಿದ. ಮೊದಲು ಮೋಕ ದಾಟುವ ತನಕ ಹಳೆಯ ಮಾಲಕರ ಕತೆ ಹೇಳುತ್ತಿದ್ದವನು ಈಗ, "ಎಲ್ಲಿಗೆ?" ಎಂದು ಕೇಳುತ್ತಿದ್ದ. ಕುರುಗೋಡಿನ ಲಾರಿ ಮಾಲಕ ಜಡೆಪ್ಪನ ಅಂಗಳದಲ್ಲಿ ಎಲ್ಲರಿಗೂ ಚಹ ಬಂದಾಗ ಒಳಗೆ ಬರಲಿಲ್ಲ.

"ಹಸನಸಾಬ್, ಒಳಗ ಬರ್ರಿ, ಯಾಕ ಹೊರಗ?" ಎಂದು ಜಡೆಪ್ಪ ಕೂಗಿದ. ಅವನಿಗೆ ಮೊದಲಿನಿಂದ ಪರಿಚಯ.

"ಟೈರ್ ನೋಡ್ತೀನಿ," ಎಂದ ಹಸನಸಾಬ್. ಟೈರಿಗೆ ಏನೂ ಆಗಿರಲಿಲ್ಲ.

*

ಆಮೇಲೆ ನರಸಿಂಹ ಅವರು ಮನೆಗೆ ಬರುತ್ತೇನೆ ಎಂದರು. ಭಾನುವಾರ, ಸಂಜೆ. ಕಾಂಟ್ರ್ಯಾಕ್ಟ್ ತೆಗೆದುಕೊಳ್ಳುವವನ ಮನೆಯನ್ನು ಒಮ್ಮೆ ನೋಡಿ ಬರುವುದು ಅವರ ಪದ್ಧತಿಯಂತೆ. "ನಿಮ್ಮ ತಂದೆಯವರನ್ನೂ ನೋಡಿದ ಹಾಗಾಗುತ್ತೆ," ಎಂದು ಸ್ಪೀಕರಿನಲ್ಲೇ ಹೇಳಿದರು. ಹಸನಸಾಬ್ ಗೇರು ಬದಲಿಸಿದ.

ಮನೆಯಲ್ಲಿ ಎರಡು ದಿನ ಅದೇ ಮಾತು. ಅವರು ಆಚಾರದ ಮಂದಿ, ನಮ್ಮಲ್ಲಿ ಏನು ತಿಂದಾರು? ಬಾಳೆಹಣ್ಣು, ಸೇಬು, ಬಾದಾಮಿ ಹಾಲು ಸಾಕೆಂದಾಯಿತು. ಫರ್ಹತ್ ತಟ್ಟೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಸರ್ವರಬಿ ದಿವಾನಿನ ಮೇಲೆ ಮದುವೆಯಲ್ಲಿ ಬಂದ ಚಾದರ ಹಾಸಿದಳು. ಯಾರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಶನಿವಾರ ಊಟಕ್ಕೆ ಕೂತಾಗ ಅವಳೇ ಕೇಳಿದಳು.

"ಇವ್ರು ಎಲ್ಲಿ ಕುಂದ್ರಬೇಕು?"

ಗೌಸ್ ತುತ್ತು ಕಲಸುತ್ತಲೇ ಇದ್ದ. ಅವನು ಅಂದುಕೊಂಡಿದ್ದು ಬೇರೆ: ಅಪ್ಪ ಹೊಸ ಅಂಗಿ ಹಾಕಿಕೊಂಡು ದಿವಾನಿನ ಮೇಲೆ ಕೂರುತ್ತಾನೆ, ಡ್ರೈವರ್ ರಜೆ ಎಂದರಾಯಿತು. ಆದರೆ ನರಸಿಂಹ ಅವರಿಗೆ ಅಪ್ಪನ ದನಿ ಗೊತ್ತಿತ್ತು.

"ನಾ ಗಾಡ್ಯಾಗ ಇರ್ತೀನಿ," ಎಂದ ಹಸನಸಾಬ್. "ಅವ್ರ ಕಾರು ಸರ್ವೀಸಿಗೆ ಬಿಟ್ಟಾರಂತ. ಕರಕೊಂಡು ಬಂದು ಬಿಟ್ಟು ಬರಬೇಕಲ್ಲ, ಯಾರರ."

"ಅಬ್ಬಾ, ಹಂಗಲ್ಲ..."

"ಉಣ್ಣು. ಆರತೈತಿ."

"ಥೂ!" ಎಂದು ಸರ್ವರಬಿ ಸಾರಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. "ಇಬ್ಬರೂ ಕೂಡಿ ಮಾಡ್ರಿ. ಮಗ ಅನ್ನಾಂವ ಬಾಯಿ ಬಿಡೂದಿಲ್ಲ, ಅಪ್ಪ ಅನ್ನಾಂವ ಬಾಯಿ ಮುಚ್ಚಸ್ತಾನ."

"ಒಂದು ದಿನದ್ದು ಐತಿ, ಸರ್ವರ. ಅವನ ಬದುಕು-ಬಾಳೇವು ಐತಿ ಅದರಾಗ."

"ನಿನ್ನ ಬಾಳೇವು?"

ಹಸನಸಾಬ್ ಕೈ ತೊಳೆಯಲು ಎದ್ದ.

*

ಭಾನುವಾರ ಸಂಜೆ ಹಸನಸಾಬ್ ಗಾಂಧಿನಗರಕ್ಕೆ ಹೋಗಿ ನರಸಿಂಹ ಅವರನ್ನು ಕರೆತಂದ. ಬಾಗಿಲು ತೆರೆದು ನಿಂತ. ತೆಳ್ಳಗಿನ ಮನುಷ್ಯ, ಹಣೆಯಲ್ಲಿ ಅಂಗಾರದ ಗೆರೆ, ಕೈಯಲ್ಲಿ ಮನೆಯವರಿಗೆಂದು ತಂದ ಹಣ್ಣಿನ ಚೀಲ. ಸೌಮ್ಯವಾಗಿ ಮಾತಾಡುವವರು. ದಾರಿಯಲ್ಲಿ, "ಎಷ್ಟು ವರ್ಷ ಆಯ್ತಪ್ಪ ಇವರ ಹತ್ತಿರ?" ಎಂದು ಕೇಳಿದ್ದರು. ಹಸನಸಾಬ್, "ಅವ್ರು ಹುಟ್ಟಿದಾಗಿಂದ," ಎಂದು ಹೇಳಿ ಮಾತು ಮುಗಿಸಿದ್ದ.

ಒಳಗೆ ಅವರು ದಿವಾನಿನ ಮೇಲೆ ಕೂತು ಬಾಳೆಹಣ್ಣು ಸುಲಿದರು.

"ತಂದೆಯವರು ಎಲ್ಲಿ, ಗೌಸ್?"

"ಸಿರುಗುಪ್ಪಕ್ಕ ಹೋಗ್ಯಾರ್ರಿ ಸಾರ್. ನಮ್ಮ ತಂಗಿ ಮನಿಗೆ. ನಾಳೆ ಬರ್ತಾರ."

ಪರದೆಯ ಹಿಂದಿದ್ದ ಫರ್ಹತ್ ಬಾದಾಮಿ ಹಾಲಿನ ಲೋಟವನ್ನು ತಟ್ಟೆಯಲ್ಲಿಟ್ಟದ್ದು ಜೋರಾಗಿಯೇ ಕೇಳಿಸಿತು.

"ಭೇಟಿ ತಪ್ಪಿತು," ಎಂದರು ನರಸಿಂಹ. "ಇರಲಿ, ಮತ್ತೊಮ್ಮೆ. ಅಂದ ಹಾಗೆ ಪಾಪ, ನಿಮ್ಮ ಡ್ರೈವರ್ ಹೊರಗೇ ಕೂತಿದ್ದಾನೆ. ವಯಸ್ಸಾದವನು. ಅವನಿಗೂ ಏನಾದರೂ ಕೊಡಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಗೌಸ್, "ಹೂಂರಿ, ಕೊಡ್ತೀವ್ರಿ," ಎಂದ. ಎದ್ದು ಅಡಿಗೆಮನೆಗೆ ಹೋದ. ಅಲ್ಲಿ ತಾಯಿ ಆಗಲೇ ತಟ್ಟೆಗೆ ಅನ್ನ ಹಾಕುತ್ತಿದ್ದಳು. ಮಗನನ್ನು ನೋಡದೆ ಅವನ ಪಕ್ಕದಿಂದಲೇ ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು.

ಓಣಿಯಲ್ಲಿ ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ಸರ್ವರಬಿ ಕಿಟಕಿಯೊಳಗೆ ತಟ್ಟೆ ಹಿಡಿದಳು.

"ತೊಗೋ. ಡ್ರೈವರಿಗೆ ಊಟ ಕೊಡಬೇಕಂತ."

"ಯಾರಂದ್ರು?"

"ಯಾರಂದ್ರೇನು. ನಿನ್ನ ಮಗ ಹೂಂ ಅಂದ."

ಹಸನಸಾಬ್ ತಟ್ಟೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ. ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ಉಚ್ಚಂಗೆಪ್ಪ ಕೂಗಿದ. "ಏನ್ ಹಸನಸಾಬ್, ಮನಿ ಬಾಡಿಗಿ ಕೊಟ್ಟೀರೇನು? ಗಾಡ್ಯಾಗ ಊಟ ನಡದೈತಿ!"

"ಗಾಳಿ ಚೊಲೊ ಐತಪ್ಪ ಇಲ್ಲಿ," ಎಂದ ಹಸನಸಾಬ್.

"ನಮಗೂ ಒಂದು ತಟ್ಟಿ ಹೇಳ್ರಿ ಹಂಗಾರ!"

ಸರ್ವರಬಿ ಸೆರಗಿನಿಂದ ಮುಖ ಮರೆಮಾಡಿಕೊಂಡು ಅಲ್ಲೇ ನಿಂತಳು. "ಇಳಿ ಕೆಳಗ," ಎಂದಳು ಮೆಲ್ಲಗೆ. "ಒಳಗ ಹೋಗಿ ಅವ್ರ ಮುಂದ ಕುಂದ್ರು. ಏನಾಗ್ತೈತೋ ಆಗ್ಲಿ."

"ಇಷ್ಟು ದಿನ ತಡದೀವಿ."

"ಹಂಗಾರ ಇದನ್ನರ ತಿನ್ನಬ್ಯಾಡ."

ಆದರೆ ಉಚ್ಚಂಗೆಪ್ಪ ನೋಡುತ್ತಿದ್ದ. ಹಸನಸಾಬ್ ತಿಂದ. ಪೂರ್ತಿ ತಿಂದ. ನೀರು ಕುಡಿದು ಖಾಲಿ ತಟ್ಟೆ ಕೊಟ್ಟ. ಸರ್ವರಬಿ ಹಿತ್ತಲಿಗೆ ಬಂದು, ತಟ್ಟೆಯನ್ನು ತೊಳೆಯದೆ ಕಲ್ಲಿನ ಮೇಲಿಟ್ಟು, ಮನೆಯ ಫೋನಿನಿಂದ ಸಿರುಗುಪ್ಪದ ಮಗಳಿಗೆ ಫೋನು ಮಾಡಿದಳು.

*

ನರಸಿಂಹ ಅವರನ್ನು ಬಿಡಲು ಗೌಸನೂ ಹೊರಟ. ಇಬ್ಬರೂ ಹಿಂದೆ ಕೂತರು. ಸಂಜೆಯ ರಸ್ತೆಯಲ್ಲಿ ಜನ ತುಂಬಿತ್ತು. ನರಸಿಂಹ ಅವರು ಸಂತೋಷವಾಗಿದ್ದರು. ಕಾಂಟ್ರ್ಯಾಕ್ಟಿನ ಕಾಗದ ತಯಾರಾಗಿದೆ, ನಾಳೆ ಬಂದು ಸಹಿ ಹಾಕಿ ಎಂದರು. ಸಿರುಗುಪ್ಪದ ಲಾರಿಗಳೆಲ್ಲ ನಿಮ್ಮ ಹೆಸರಿನಲ್ಲೇ ಓಡಲಿ ಎಂದರು. ಗೌಸ್ ಕೈಮುಗಿದ.

ಫೋನು ರಿಂಗಾಯಿತು.

ಗೌಸನ ಕೈ ಜೇಬಿಗೆ ಹೋಗುವ ಮೊದಲೇ, ಇಷ್ಟು ವಾರಗಳ ರೂಢಿಯಿಂದ, ಹಸನಸಾಬನ ಬೆರಳು ಗುಂಡಿ ಒತ್ತಿತ್ತು.

"ಅಣ್ಣಾ?" ಮುನ್ನಿಯ ದನಿ. ಅಳುತ್ತಿದ್ದಳು. "ಅಣ್ಣಾ, ಅಬ್ಬಾ ಗಾಡ್ಯಾಗ ಅದಾನಲ್ಲ? ಅಬ್ಬಾ... ಅಮ್ಮ ಈಗ ಫೋನ್ ಮಾಡಿದ್ಲು. ನೀ ನಮ್ಮ ಮನಿ ಮುಂದ ಗಾಡ್ಯಾಗ ಕುಂತು ಉಂಡಿಯಂತ, ಹೌದಾ? ಡ್ರೈವರ್ ಅಂತ ಹೇಳಿ? ಅಬ್ಬಾ, ನಾ ನಾಳೆ ಬರ್ತೀನಿ, ನಿನ್ನ ನಮ್ಮನಿಗೆ ಕರಕೊಂಡು..."

ಹಸನಸಾಬ್ ಗುಂಡಿ ಒತ್ತಿ ಕರೆ ಕತ್ತರಿಸಿದ.

ಒಬ್ಬ ಸೈಕಲ್ಲಿನವನು ಅಡ್ಡ ಬಂದ. ಹಸನಸಾಬ್ ಹಾರ್ನ್ ಹಾಕಲಿಲ್ಲ, ನಿಂತು ದಾರಿಬಿಟ್ಟ.

"ರಾಂಗ್ ನಂಬರ್ರಿ, ಸಾಹೇಬ್ರ," ಎಂದ.

ನರಸಿಂಹ ಅವರು ಕನ್ನಡಿಯಲ್ಲಿ ಅವನ ಮುಖ ನೋಡಿದರು. ಗೌಸ್ ತನ್ನ ಮೊಣಕಾಲುಗಳನ್ನು ನೋಡುತ್ತಿದ್ದ. ಬಾಯಿ ತೆರೆದ. "ಸಾರ್," ಎಂದ. ಅದರ ಮುಂದಿನ ಮಾತು ಅವನಿಗೆ ಗೊತ್ತಿತ್ತು. ಮೂರೇ ಪದ ಸಾಕಾಗುತ್ತಿದ್ದವು. ಗಾಂಧಿನಗರದ ತಿರುವು ಬಂತು. ಕಾರು ನಿಂತಿತು.

ಹಸನಸಾಬ್ ಬಾಗಿಲು ತೆರೆಯಲು ಇಳಿಯುವಷ್ಟರಲ್ಲಿ ನರಸಿಂಹ ಅವರೇ ಇಳಿದು, ಕಾರನ್ನು ಸುತ್ತಿ ಮುಂದೆ ಬಂದರು. ಡ್ರೈವರನ ಕಿಟಕಿಯ ಹತ್ತಿರ ನಿಂತು ಎರಡೂ ಕೈ ಜೋಡಿಸಿದರು.

"ಯಜಮಾನ್ರೆ, ನಿಮ್ಮನ್ನು ನೋಡಬೇಕು ಅಂತಲೇ ಬಂದಿದ್ದೆ," ಎಂದರು. "ನೋಡಿದ ಹಾಗಾಯ್ತು. ನನ್ನ ಮಾತಿನಲ್ಲಿ ತಪ್ಪಾಗಿದ್ದರೆ ಮನಸ್ಸಿಗೆ ಹಚ್ಚಿಕೋಬೇಡಿ."

"ಏ, ಅಂಥಾದ್ದೇನಿಲ್ರಿ. ಬಿಡ್ರಿ, ಬಿಡ್ರಿ," ಎಂದು ಹಸನಸಾಬ್ ಗಡಿಬಿಡಿಯಿಂದ ತಾನೂ ಕೈಮುಗಿದ.

ಗೌಸ್ ಇಳಿದು ನಿಂತಿದ್ದ. ಗೇಟಿನ ಚಿಲಕ ತೆಗೆಯುತ್ತ ನರಸಿಂಹ ಅವರು ಬೆನ್ನು ತಿರುಗಿಸಿಕೊಂಡೇ ಹೇಳಿದರು. "ಕಾಗದ ಕಳಿಸ್ತೀನಿ. ನೀವು ಬರೋದು ಬೇಡ. ಸಹಿ ಹಾಕಿ ಕಳಿಸಿಬಿಡಿ."

ಕಾಂಟ್ರ್ಯಾಕ್ಟ್ ಸಿಕ್ಕಿತ್ತು. ಗೌಸ್ ರಸ್ತೆಯಲ್ಲಿ ನಿಂತಿದ್ದ. ನಂತರ ಕಾರಿನ ಮುಂದಿನಿಂದ ಸುತ್ತಿ ಬಂದು ಎಡಬಾಗಿಲಿನ ಹಿಡಿಕೆ ಎಳೆದ. ಅದು ತೆರೆಯಲಿಲ್ಲ. ಮತ್ತೆ ಎಳೆದ. ಗಾಜಿನ ಮೇಲೆ ಬೆರಳಿನಿಂದ ತಟ್ಟಿದ.

ಹಸನಸಾಬ್ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟುಕೊಂಡು ಮುಂದೆ ನೋಡುತ್ತಿದ್ದ. ಗುಂಡಿ ಎತ್ತಲಿಲ್ಲ.

ಗೌಸ್ ಹಿಂದೆ ಹೋಗಿ, ಹಿಂದಿನ ಬಾಗಿಲು ತೆಗೆದು, ಕೂತ. ಕಾರು ಹೊರಟಿತು.

"ಅಬ್ಬಾ," ಎಂದ.

ಹಸನಸಾಬ್ ಗೇರು ಬದಲಿಸಿದ.

"ಅಬ್ಬಾ, ನಾ ಹೇಳಾಕ ಹೊಂಟಿದ್ದೆ. ಅಲ್ಲೇ, ಗಾಡ್ಯಾಗ."

"ಮನಿಗೇನು, ಇಲ್ಲಾ ಬ್ಯಾರೆ ಎಲ್ಲಿಗರ?" ಎಂದು ಕೇಳಿದ ಹಸನಸಾಬ್. ಎಲ್ಲ ಪ್ಯಾಸೆಂಜರಿಗೂ ಅವನು ಕೇಳುತ್ತಿದ್ದದ್ದು ಹೀಗೆಯೇ.

ಮತ್ತೆ ಫೋನು ರಿಂಗಾಯಿತು. ಎರಡು ಸಲ ರಿಂಗಾಗುವ ತನಕ ಹಸನಸಾಬ್ ಕಾದ. ಆಮೇಲೆ ಒತ್ತಿದ.

"ಅಬ್ಬಾ? ನೀನಾ? ಯಾಕ ಕಟ್ ಆತು?"

"ನಾನವ್ವಾ. ಕಟ್ ಆತು. ಹೇಳು."

"ಹಂಗಾರ ಅಮ್ಮ ಹೇಳಿದ್ದು ಖರೇನಾ? ನೀ ಏನೂ ಅನ್ನಲಿಲ್ಲಾ?" ಮುನ್ನಿ ತಡೆದಳು. ಅವಳೂ ಈಚೆಗೆ ಆ ಪ್ರಶ್ನೆಯನ್ನು ಎಲ್ಲರಿಂದ ಕಲಿತಿದ್ದಳು. "ತಡಿ, ಗಾಡ್ಯಾಗ ಯಾರದಾರ?"

ಹಸನಸಾಬ್ ಕನ್ನಡಿಯಲ್ಲಿ ನೋಡಿದ. ಗೌಸ್ ಸೀಟಿನ ತುದಿಗೆ ಸರಿದಿದ್ದ. ಆದರೆ ಎಂದಿನಂತೆ ಅಪ್ಪನ ಭುಜದ ಹತ್ತಿರ ತಲೆ ತರಲು ಅವನಿಗೆ ಆಗಲಿಲ್ಲ.

"ಯಾರಿಲ್ಲವ್ವಾ," ಎಂದ ಹಸನಸಾಬ್. "ನಾ ಒಬ್ಬಾವನ ಅದೀನಿ."

"ಮುನ್ನೀ," ಎಂದ ಗೌಸ್ ಹಿಂದಿನಿಂದ. "ಮುನ್ನೀ, ನಾನೂ..."

"ಅಬ್ಬಾ, ಏನೋ ಸಪ್ಪಳ ಬಂತಲ್ಲ?"

"ಗಾಡಿ ಹಳೇದವ್ವಾ," ಎಂದ ಹಸನಸಾಬ್. "ಹಿಂದ ಏನೋ ಸಡ್ಲಾಗೇತಿ. ನೀ ಹೇಳು."